ನೀರು ಕುಡಿದ 911

ಬುಲೆಟ್ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿ ಕೀ ತಿರುಗಿಸಿದ ಮೇಲೂ ಎಂಜಿನ್ನಿನಿಂದ ಕೆಲಹೊತ್ತು ಟಿಕ್ ಟಿಕ್ ಎಂಬ ಸದ್ದು ಬರುತ್ತದಲ್ಲ, ಅದು ಕಾದ ಲೋಹ ತಣಿದು ಕುಗ್ಗುವ ಸದ್ದು. ಸಿಲಿಂಡರಿನ ಸುತ್ತ ಪದರ ಪದರವಾಗಿ ಎದ್ದಿರುವ ರೆಕ್ಕೆಗಳು ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತವೆ. ಜರ್ಮನಿಯ ಪೋರ್ಷೆ ಕಂಪನಿ 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿದ, ಮುಂದೆ 911 ಎಂದು ಹೆಸರಾದ ಕಾರಿನ ಎಂಜಿನ್ನೂ ತಣಿಯುತ್ತಿದ್ದದ್ದು ಹೀಗೆಯೇ. ಆದರೆ ಅದರ ಎಂಜಿನ್ ಕೂತಿದ್ದದ್ದು ಹಿಂದಿನ ಚಕ್ರಗಳಿಗೂ ಹಿಂದೆ, ಎದುರುಗಾಳಿ ಸುಳಿಯದ ಮೂಲೆಯಲ್ಲಿ. ಅದಕ್ಕೆಂದು ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನೊಂದು ಆರು ಸಿಲಿಂಡರುಗಳ ಮೇಲೆ ಗಾಳಿ ಊದುತ್ತಲೇ ಇರುತ್ತಿತ್ತು. ಜೊತೆಗೆ ಲೀಟರುಗಟ್ಟಲೆ ಎಂಜಿನ್ ಆಯಿಲ್ಲೂ ಬಿಸಿಯನ್ನು ಹೊತ್ತೊಯ್ಯುತ್ತಿತ್ತು. ಫ್ಯಾನಿನ ಹುಯಿಲು, ಅದರಡಿ ಲೋಹದ ಗರಗರ: 911ರ ಅಭಿಮಾನಿಗಳಿಗೆ ಇದು ಸಂಗೀತ.

1997ರಲ್ಲಿ ಅದೇ ಫ್ರಾಂಕ್‌ಫರ್ಟಿನಲ್ಲಿ ಪೋರ್ಷೆ ಈ ಸಂಗೀತವನ್ನು ನಿಲ್ಲಿಸಿತು. ಒಳಗಿನವರು 996 ಎಂದು ಕರೆಯುವ ಹೊಸ 911 ಬಂತು, ರೇಡಿಯೇಟರ್ ಸಮೇತ.

ಯಾಕೆ ಬೇಕಿತ್ತು ಈ ಉಸಾಬರಿ? ಉತ್ತರ ವಾಲ್ವುಗಳಲ್ಲಿದೆ. ಹಳೆ ಎಂಜಿನ್ನಿನ ಪ್ರತಿ ಸಿಲಿಂಡರಿಗೆ ಎರಡೇ ವಾಲ್ವು: ಗಾಳಿ ಒಳಬರಲು ಒಂದು, ಹೊಗೆ ಹೊರಹೋಗಲು ಒಂದು. ನಾಲ್ಕಿಟ್ಟರೆ ಎಂಜಿನ್ ಸರಾಗವಾಗಿ ಉಸಿರಾಡುತ್ತದೆ, ಇಂಧನ ಚೆನ್ನಾಗಿ ಉರಿಯುತ್ತದೆ. ಬಿಗಿಯಾಗುತ್ತಿದ್ದ ಹೊಗೆ ನಿಯಮಗಳಿಗೂ ಅದೇ ದಾರಿ. ಆದರೆ ನಾಲ್ಕು ವಾಲ್ವು ಕೂರಿಸಿದರೆ ಸಿಲಿಂಡರಿನ ತಲೆಯಲ್ಲಿ ಜಾಗವೇ ಉಳಿಯುವುದಿಲ್ಲ. ಬೆಂಕಿಯಂಥ ಹೊಗೆ ನುಗ್ಗುವ ಎರಡು ವಾಲ್ವುಗಳ ನಡುವೆ ಲೋಹದ ಸಣ್ಣ ಸೇತುವೆಯಷ್ಟೇ ಉಳಿಯುತ್ತದೆ. ಅಲ್ಲಿಗೆ ರೆಕ್ಕೆ ಇಳಿಸಲಾಗದು, ಗಾಳಿ ತೂರಿಸಲಾಗದು. ನೀರಿಗಾದರೆ ಬೆರಳು ತೂರದ ಕಾಲುವೆಯೂ ಸಾಕು. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗುವಾಗ ಹೀರುವ ಶಾಖ ಅಷ್ಟೇ ಗಾಳಿ ಹೀರುವುದಕ್ಕಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು.

ಪೋರ್ಷೆಗೆ ಇದು ಹೊಸ ಪಾಠವೇನಲ್ಲ. 1978ರ ರೇಸ್ ಕಾರಿನಲ್ಲೂ ಆಮೇಲಿನ 959ರಲ್ಲೂ ಸಿಲಿಂಡರಿನ ತಲೆಗೆ ಮಾತ್ರ ನೀರು ಹಾಯಿಸಿ, ಉಳಿದದ್ದನ್ನು ಗಾಳಿಗೆ ಬಿಟ್ಟಿತ್ತು. 996ರಲ್ಲಿ ಅರೆಮನಸ್ಸು ಬಿಟ್ಟಿತು. ಹಿಂದಿನ 993ರ ಎಂಜಿನ್ 3.6 ಲೀಟರಿನದು, ಕೊನೆಕೊನೆಗೆ ಅದರ ಶಕ್ತಿ 285 ಅಶ್ವಶಕ್ತಿ. ಹೊಸದು 3.4 ಲೀಟರಿಗಿಳಿದೂ 300 ಕೊಟ್ಟಿತು. ಸಿಲಿಂಡರಿನ ಸುತ್ತ ನೀರಿನ ಅಂಗಿ ತೊಡಿಸಿದ್ದರಿಂದ ಗರಗರವೂ ತಗ್ಗಿತು. ಸದ್ದಿನ ಕಾನೂನಿಗೆ ಅದು ಲಾಭ, ಅಭಿಮಾನಿಯ ಕಿವಿಗೆ ನಷ್ಟ.

ಆದರೂ ಜಗಳ ಹೆಚ್ಚು ಎದ್ದದ್ದು ದೀಪದ ಬಗ್ಗೆ. 911 ಎಂದರೆ ಎರಡು ದುಂಡು ಕಣ್ಣು. 996ರ ದೀಪ ಕೆಳಗೆ ಕರಗಿ ಹರಿದಂತಿತ್ತು, ಅದರೊಳಗೇ ಕಿತ್ತಳೆ ಬಣ್ಣದ ಇಂಡಿಕೇಟರ್. ಜನ ಅದನ್ನು ಹುರಿದ ಮೊಟ್ಟೆ ಎಂದರು. ನಮ್ಮ ಗಾಡಿ ಹೋಟೆಲಿನ ಭಾಷೆಯಲ್ಲಿ ಹಾಫ್ ಬಾಯಿಲ್, ಹಳದಿ ಒಡೆದು ಹರಿದದ್ದು. ಅದಕ್ಕಿಂತ ಉರಿದದ್ದೆಂದರೆ, ಅಗ್ಗದ ಬಾಕ್ಸ್‌ಸ್ಟರ್ ಕಾರಿಗೂ ಅದೇ ಮುಖ! ಬಾಗಿಲಿನಿಂದ ಮುಂದಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಅಚ್ಚು.

ಇದರ ಹಿಂದೆ ಇದ್ದದ್ದು ದುಡ್ಡಿನ ಲೆಕ್ಕ. 1980ರ ದಶಕದ ನಡುವೆ ವರ್ಷಕ್ಕೆ ಐವತ್ತು ಸಾವಿರ ಕಾರು ಮಾರುತ್ತಿದ್ದ ಕಂಪನಿ 1993ರ ಹೊತ್ತಿಗೆ ಹದಿನಾಲ್ಕು ಸಾವಿರಕ್ಕೆ ಕುಸಿದಿತ್ತು. ಆಗ ಚುಕ್ಕಾಣಿ ಹಿಡಿದಿದ್ದ ವೆಂಡೆಲಿನ್ ವೀಡೆಕಿಂಗ್, ಟೊಯೊಟಾ ಪದ್ಧತಿಯಲ್ಲಿ ಪಳಗಿದ ಜಪಾನಿ ಸಲಹೆಗಾರರನ್ನು ಕರೆಸಿದರು. ಅವರಲ್ಲೊಬ್ಬರು ಬಿಡಿಭಾಗ ತುಂಬಿದ ಎತ್ತರದ ಕಪಾಟುಗಳನ್ನು ನೋಡಿ ವೀಡೆಕಿಂಗ್ ಕೈಗೇ ಗರಗಸ ಕೊಟ್ಟು, ಇಷ್ಟೆತ್ತರಕ್ಕೆ ಕತ್ತರಿಸಿ ಎಂದರಂತೆ. ಅಂಥ ಕಾರ್ಖಾನೆಯಲ್ಲಿ ಎರಡು ಕಾರಿಗೆ ಎರಡು ಬಗೆಯ ದೀಪ ಎಲ್ಲಿಂದ ಬರಬೇಕು?

ಹೊಸಬರಿಗೆ ಈ ಸಿಟ್ಟು ಅರ್ಥವಾಗಲಿಲ್ಲ. ಅವರು ಕಂಡದ್ದು ಕಾಲು ಚಾಚುವಷ್ಟು ಜಾಗ, ನೆಟ್ಟಗೆ ಕೆಲಸ ಮಾಡುವ ಹೀಟರ್, ದಿನಾ ಆಫೀಸಿಗೆ ಒಯ್ಯಬಹುದಾದ ಸ್ಪೋರ್ಟ್ಸ್ ಕಾರು. 993 ಮಾರಾಟವಾದದ್ದು ಸುಮಾರು 68 ಸಾವಿರ, 996 ಸುಮಾರು ಒಂದೂ ಮುಕ್ಕಾಲು ಲಕ್ಷ. ನನ್ನನ್ನು ಕೇಳಿದರೆ, ನೀರಿನ ವಿಷಯದಲ್ಲಿ ಹಳಬರದು ಹಟ, ದೀಪದ ವಿಷಯದಲ್ಲಿ ಅವರದೇ ಸರಿ. ಕಂಪನಿಯೂ ಒಪ್ಪಿಕೊಂಡಂತಿದೆ: 2004ರ 997ಕ್ಕೆ ದುಂಡು ಕಣ್ಣು ವಾಪಸು ಬಂತು, ರೇಡಿಯೇಟರ್ ಇದ್ದಲ್ಲೇ ಇತ್ತು.

ಗಾಳಿಯಲ್ಲಿ ತಣಿಯುವ ಕೊನೆಯ 993ಗಳಿಗೆ ಈಗ ಚಿನ್ನದ ಬೆಲೆ. ಹಾಫ್ ಬಾಯಿಲ್ ಕಣ್ಣಿನ 996 ಮಾತ್ರ ಹಳೆ 911ಗಳ ಸಂತೆಯಲ್ಲಿ ಕಡಿಮೆ ಬೆಲೆಯ ಸಾಲಿನಲ್ಲೇ ಇದೆ. ಹೊರದೇಶದಲ್ಲಿರುವ ನಿಮ್ಮ ನೆಂಟರು ಯಾರಾದರೂ ಕೊಳ್ಳಲು ಹೊರಟಿದ್ದರೆ, ಎಂಜಿನ್ನಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಬದಲಾಗಿದೆಯೇ ಎಂದು ಮೊದಲು ಕೇಳಲು ಹೇಳಿ. ಅದು ಕೈಕೊಟ್ಟರೆ ಎಂಜಿನ್ನೇ ಹೋಗುತ್ತದೆ.