ಪರದೆ ಪರರದು, ಪದಾರ್ಥವಾದರೂ ನಮ್ಮದಾಗಲಿ

ಬೆಂಗಳೂರಿನ ಮಾಲ್ ಇರಲಿ, ಹಾಸನ ತಾಲ್ಲೂಕಿನ ಶಾಂತಿಗ್ರಾಮದಂತಹ ಹೋಬಳಿ ಕೇಂದ್ರವಿರಲಿ, ಮೊಬೈಲ್ ಕೊಳ್ಳುವವರು ಈಗ ಓಎಲ್‌ಇಡಿ ಪರದೆ ಉಂಟೇ ಎಂದು ವಿಚಾರಿಸುತ್ತಾರೆ. ಇದನ್ನು ‘ಸಾವಯವ’ ದೀಪವೆನ್ನುವುದುಂಟು. ಅದು ಕೃಷಿಯ ಸಾವಯವವಲ್ಲ. ಇಂಗಾಲದ ಸಂಯುಕ್ತಗಳೇ ಇಲ್ಲಿ ಬೆಳಗುತ್ತವೆ. ಈ ದೀಪದ ಇತಿಹಾಸವೆಂದರೆ ಸೋರಿಕೆಯನ್ನು ತಡೆದ ಇತಿಹಾಸ.

1987ರಲ್ಲಿ ಅಮೆರಿಕದ ಕೊಡ್ಯಾಕ್ ಸಂಸ್ಥೆಯ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಪ್ರಕಟಿಸಿದ ಸಾಧನದ ದಕ್ಷತೆ ಸುಮಾರು ಶೇ 1. ವಿದ್ಯುತ್ ಹಾಯಿಸಿದಾಗ ಅಣುಗಳಲ್ಲಿ ಉಂಟಾಗುವ ಪ್ರತಿ ನಾಲ್ಕು ಉದ್ರಿಕ್ತ ಸ್ಥಿತಿಗಳಲ್ಲಿ ಒಂದು ಮಾತ್ರ ಸಲೀಸಾಗಿ ಬೆಳಕಾಗುತ್ತದೆ. ಉಳಿದ ಮೂರು ಶಾಖವಾಗಿ ಕಳೆದುಹೋಗುತ್ತಿದ್ದವು. 1998ರಲ್ಲಿ ಫಾರೆಸ್ಟ್ ಮತ್ತು ಥಾಂಪ್ಸನ್ ತಂಡ ಪ್ಲಾಟಿನಂ ಸಂಯುಕ್ತವೊಂದನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ಆ ಮೂರು ಪಾಲನ್ನೂ ಬೆಳಕಾಗಿಸುವ ದಾರಿ ತೋರಿತು. ಆತಿಥೇಯ ಅಣು ತನ್ನ ಶಕ್ತಿಯನ್ನು ಅತಿಥಿ ಅಣುವಿಗೆ ದಾಟಿಸುತ್ತದೆ, ಅತಿಥಿ ಬೆಳಗುತ್ತದೆ. ದುಬಾರಿ ಲೋಹವಿಲ್ಲದೆಯೂ ಹೆಚ್ಚಿನ ದಕ್ಷತೆ ಸಾಧ್ಯವೆಂದು 2012ರಲ್ಲಿ ಜಪಾನಿನ ಅಡಾಚಿ ತಂಡ ನಿರೂಪಿಸಿತು. ನೀಲಿ ಬೆಳಕಿನಲ್ಲಿ ದಕ್ಷತೆ, ಬಾಳಿಕೆ ಎರಡನ್ನೂ ಹೊಂದಿಸುವುದು ಮಾತ್ರ ಇಂದಿಗೂ ಕಠಿಣ.

ಪರದೆಗಳ ವಿಜ್ಞಾನಕ್ಕೆ ಕರ್ನಾಟಕದ ಕೊಡುಗೆಯೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸದಾಶಿವ, ಸುರೇಶ್ ಅವರೊಡಗೂಡಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ನಾಣ್ಯಗಳಂತೆ ಒಂದರ ಮೇಲೊಂದು ಪೇರಿಕೊಳ್ಳುವ ಈ ಅಣುಗಳು ವಿದ್ಯುದಾವೇಶವನ್ನು ಸಾಗಿಸಬಲ್ಲವು. ಆದುದರಿಂದಲೇ ಓಎಲ್‌ಇಡಿ ಸಂಶೋಧಕರಿಗೂ ಇವುಗಳಲ್ಲಿ ಆಸಕ್ತಿ. ಆದರೆ ಈ ವರ್ಗದ ಪದಾರ್ಥದಿಂದ, ಎಲ್‌ಸಿಡಿ ಪರದೆ ಓರೆಯಿಂದಲೂ ಸ್ಪಷ್ಟವಾಗಿ ಕಾಣುವಂತೆ ಮಾಡುವ ಪದರವನ್ನು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಜಪಾನಿನ ಫ್ಯೂಜಿ ಫಿಲ್ಮ್.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಸೋರಿಕೆ ಕಾಣುತ್ತದೆ. ಫಾರೆಸ್ಟ್ ಮತ್ತು ಥಾಂಪ್ಸನ್ ಸಂಶೋಧನೆಯ ಹಕ್ಕು ಪಡೆದ ಯೂನಿವರ್ಸಲ್ ಡಿಸ್‌ಪ್ಲೇ ಕಂಪೆನಿ ಪರದೆಗಳನ್ನು ತಯಾರಿಸಿ ಮಾರುವುದಿಲ್ಲ. ಮುಖ್ಯವಾಗಿ ಪೇಟೆಂಟ್ ಪರವಾನಗಿ ಮತ್ತು ಪದಾರ್ಥಗಳ ಮಾರಾಟದಿಂದ ಗಳಿಸುತ್ತದೆ. ನಮ್ಮಲ್ಲಿ ಪ್ರಯೋಗಾಲಯದಿಂದ ಉದ್ಯಮಕ್ಕೆ ಜ್ಞಾನ ದಾಟಿಸುವ ಅಂತಹ ‘ಅತಿಥಿ’ಗಳು ವಿರಳ.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಮತ್ತು ಪರದೆ ತಯಾರಿಕೆಗೆ 76,000 ಕೋಟಿ ರೂಪಾಯಿಯ ಕಾರ್ಯಕ್ರಮವನ್ನು ಮಂಜೂರು ಮಾಡಿತು. ಪರದೆಯ ಕಾರ್ಖಾನೆಗೆ ಅಪಾರ ಬಂಡವಾಳ ಬೇಕು. ಪದಾರ್ಥಗಳ ತಯಾರಿಕೆಗೆ ಅಷ್ಟು ಬೇಡ, ನುರಿತ ರಸಾಯನಶಾಸ್ತ್ರಜ್ಞರು ಬೇಕು. ಔಷಧೋದ್ಯಮಕ್ಕೆಂದೇ ಹಾಸನದಲ್ಲಿ ವಿಶೇಷ ಆರ್ಥಿಕ ವಲಯ ರೂಪಿಸಿದ ರಾಜ್ಯಕ್ಕೆ ಇದು ನಿಲುಕದ ಮಾತಲ್ಲ. ವಿಶ್ವವಿದ್ಯಾಲಯಗಳಲ್ಲಿ ಸಮರ್ಥ ಪೇಟೆಂಟ್ ಘಟಕ, ಸಣ್ಣ ಉದ್ಯಮಗಳಿಗೂ ತೆರೆದ ಪರೀಕ್ಷಾಲಯ, ಹತ್ತು ವರ್ಷವಾದರೂ ನಿಲ್ಲದ ಅನುದಾನ: ಈ ಮೂರು ಒದಗಿದರೆ, ಎಂ.ಎಸ್ಸಿ. ಮುಗಿಸಿದ ನಮ್ಮ ಯುವಜನರ ಕಲಿಕೆ ಇಲ್ಲಿಯೇ ಫಲ ನೀಡೀತು.