ತಟ್ಟಿ ನೋಡಿ ಕೊಂಡ ದೋಣಿ

ಸ್ಯಾನ್ ಡಿಯಾಗೊ ಊರಿನ ಒಂದು ಹಿತ್ತಲು. ನಿಂಬೆಗಿಡದ ನೆರಳಲ್ಲಿ, ಮಾಸಿದ ನೀಲಿ ಟಾರ್ಪಾಲಿನ ಕೆಳಗೆ, ಅದು ಟ್ರೇಲರ್ ಮೇಲೆ ಕೂತಿತ್ತು. ಟಾರ್ಪಾಲು ಸರಿಸಿದರೆ ಒಣ ಎಲೆ, ಜೇಡರ ಬಲೆ. ಅದರಡಿ ಎರಡು ದೊಡ್ಡ ಬಾಳೆಕಾಯಿಗಳನ್ನು ಅಕ್ಕಪಕ್ಕ ಇಟ್ಟ ಹಾಗೆ ಬಾಗಿದ ಹಳದಿ ಒಡಲುಗಳು. ಮಾಲೀಕರು ಎಪ್ಪತ್ತು ದಾಟಿದವರು. ಮಕ್ಕಳು ಚಿಕ್ಕವರಿದ್ದಾಗ ವಾರವಾರ ನೀರಿಗಿಳಿಸುತ್ತಿದ್ದರಂತೆ, ಈಗ ಹತ್ತು ವರ್ಷದಿಂದ ಇಲ್ಲೇ ಇದೆಯಂತೆ. 1200 ಡಾಲರ್ ಎಂದರು.

ನಾನು ಬೆಲೆಯ ಮಾತೆತ್ತಲಿಲ್ಲ. ಮೊಣಕಾಲೂರಿ, ಎಡ ಒಡಲಿನ ಮೇಲ್ಮೈಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಮೂತಿಯಿಂದ ಹಿಂದಕ್ಕೆ ಬಂದೆ. ಆಮೇಲೆ ಜೇಬಿನಿಂದ ಕಾಲು ಡಾಲರಿನ ನಾಣ್ಯ ತೆಗೆದು ಅದೇ ದಾರಿಯಲ್ಲಿ ತಟ್ಟುತ್ತಾ ಬಂದೆ. ಟಕ್, ಟಕ್, ಟಕ್ ಎನ್ನುತ್ತಿದ್ದ ಸದ್ದು ಒಂದು ಕಡೆ ‘ಡಬ್’ ಎಂದು ಮಂಕಾಯಿತು. ಅಲ್ಲಿ ಬೆರಳಿಟ್ಟು ಬಲವಾಗಿ ಒತ್ತಿದರೆ ಮೈ ಕೊಂಚ ಒಳಕ್ಕೆ ಹೋಗಿ ಮತ್ತೆ ಹೊರಬಂತು. ಅಂಗೈ ಅಗಲದ ಜಾಗ. ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ.

ಗಂಗೊಳ್ಳಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ನನ್ನಣ್ಣ ಹಿಂದಿನ ರಾತ್ರಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಕಣ್ಣಂಗ್ ಕಂಡ್ರೆ ಸಾಕಾತಿಲ್ಲೆ ಮಾರಾಯ, ತಟ್ಟಿ ಕಾಣ್ಕ್.” ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದೂ ಇದೇ ವಿದ್ಯೆ. ಅಣ್ಣ ಇಂಥ ದೋಣಿಯನ್ನು ಜನ್ಮದಲ್ಲಿ ಕಂಡವನಲ್ಲ. ಆದರೆ ರೆಸಿನ್, ಮ್ಯಾಟು ಎಲ್ಲ ಕಡಲಿನಲ್ಲೂ ಒಂದೇ ರೀತಿ ಸೋಲುತ್ತವೆ.

ಹಿತ್ತಲಲ್ಲಿದ್ದದ್ದು ಹೋಬಿ 16. ಇದರ ಹಿಂದಿರುವ ಮನುಷ್ಯ ಹೋಬಿ ಆಲ್ಟರ್. 1933ರಲ್ಲಿ ಹುಟ್ಟಿದ ಈತ ಹರೆಯದಲ್ಲಿ ಲಗೂನಾ ಬೀಚಿನ ಅಪ್ಪನ ಗ್ಯಾರೇಜಿನಲ್ಲಿ ಮರದ ಸರ್ಫ್ ಹಲಗೆ ಕೆತ್ತುತ್ತಿದ್ದ. 1954ರಲ್ಲಿ ಡಾನಾ ಪಾಯಿಂಟ್‌ನಲ್ಲಿ ಅಂಗಡಿ ತೆರೆದ, ಆ ದಶಕ ಮುಗಿಯುವುದರೊಳಗೆ ಮರ ಬಿಟ್ಟು ಫೋಮ್ ಮತ್ತು ಫೈಬರ್‌ಗ್ಲಾಸಿನ ಹಲಗೆ ಮಾಡತೊಡಗಿದ. ಅದೇ ಕೈ 1968ರಲ್ಲಿ ಹೋಬಿ 14 ಎಂಬ ಪುಟ್ಟ ಹಾಯಿದೋಣಿ ಮಾಡಿತು. ಅದರ ಬೆನ್ನಿಗೇ ಇಬ್ಬರು ಕೂರುವ 16 ಬಂತು. ಉದ್ದ 16 ಅಡಿ 7 ಅಂಗುಲ, ಅಗಲ 7 ಅಡಿ 11 ಅಂಗುಲ, ತೂಕ ಸುಮಾರು 145 ಕಿಲೋ. ಇಲ್ಲಿಯವರೆಗೆ ಲಕ್ಷಕ್ಕೂ ಮಿಕ್ಕಿ ತಯಾರಾಗಿವೆ. ಹಡಗುಕಟ್ಟೆ ಬೇಡ, ಕ್ರೇನು ಬೇಡ. ಇಬ್ಬರು ಮರಳಿನ ಮೇಲೆ ಎಳೆದುಕೊಂಡು ಹೋಗಿ, ಅಲೆ ಸೀಳಿ ಒಳಗೆ ಹೋಗಬಹುದು. ಒಡಲುಗಳ ಆ ಬಾಳೆಕಾಯಿ ಬಾಗಿಗೂ ಕಾರಣ ಇದೆ. ದೋಣಿ ಗಾಳಿಗೆ ಪಕ್ಕಕ್ಕೆ ಜಾರದಂತೆ ತಡೆಯಲು ಬೇರೆ ದೋಣಿಗಳಿಗೆ ಕೆಳಗೊಂದು ಹಲಗೆ ಇಳಿಬಿಡಬೇಕು. ಇದರ ಒಡಲಿನ ಒಂದು ಮಗ್ಗುಲು ಹೆಚ್ಚು ಉಬ್ಬು, ಇನ್ನೊಂದು ಮಗ್ಗುಲು ಚಪ್ಪಟೆ. ಆ ಆಕಾರವೇ ಹಲಗೆಯ ಕೆಲಸ ಮಾಡುತ್ತದೆ. ಹೀಗಾಗಿ ಸೀದಾ ದಡಕ್ಕೆ ನುಗ್ಗಿಸಿದರೂ ಮುರಿಯಲು ಕೆಳಗೆ ಏನೂ ಇಲ್ಲ.

ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರಂ. ನಮಗೂ ಬಿಡಿಸಿ ಹೇಳಬೇಕಿಲ್ಲ, ಕಟ್ಟು, ಮರ, ಎರಡೂ ನಮ್ಮ ಬಾಯಲ್ಲಿರುವ ಮಾತುಗಳೇ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಅಚ್ಚಾದ ತನ್ನ ಪ್ರವಾಸ ಪುಸ್ತಕದಲ್ಲಿ ಕೋರಮಂಡಲ ತೀರದ ಕಟ್ಟುಮರದ ಮಾತು ಬರೆದ. ಅದು ದಿಮ್ಮಿಗಳನ್ನು ಒತ್ತಾಗಿ ಕಟ್ಟಿದ ತೆಪ್ಪ. ದೂರ ನಿಂತ ಎರಡು ಒಡಲುಗಳನ್ನು ಅಡ್ಡಕ್ಕೆ ಬೆಸೆಯುವ ವಿದ್ಯೆ ಪೆಸಿಫಿಕ್ ದ್ವೀಪಗಳವರದು. ಹೆಸರು ನಮ್ಮ ಕಡೆಯಿಂದ ಹೋಯಿತು, ರೂಪ ಅವರ ಕಡೆಯಿಂದ ಬಂತು. ಕ್ಯಾಲಿಫೋರ್ನಿಯಾದ ಹಿತ್ತಲಲ್ಲಿ ಕೂತು ಇದನ್ನು ನೆನೆದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಇನ್ನು ಮಗುಚುವ ವಿಷಯ. ಇದನ್ನು ಮೊದಲು ಹೇಳದೆ ಈ ದೋಣಿಯನ್ನು ಮಾರುವವರ ಮೇಲೆ ನನಗೆ ಸಿಟ್ಟಿದೆ. ಹೋಬಿ 16 ಮಗುಚುತ್ತದೆ. ಗಾಳಿ ಪಕ್ಕದಿಂದ ಹೊಡೆದಾಗ ಒಂದು ಒಡಲು ಮೇಲಕ್ಕೆದ್ದು ಹಾರುವುದೇ ಇದರ ಸೊಗಸು. ಹಾಯಿಹಗ್ಗ ಸಡಿಲಿಸಲು ಒಂದು ಕ್ಷಣ ತಡವಾದರೆ ಆ ಸೊಗಸೇ ಮೈಮೇಲೆ ಬರುತ್ತದೆ. ಗಾಳಿ ಬೆನ್ನಿಗಿದ್ದಾಗ ಇನ್ನೊಂದು ಬಗೆಯ ಆಪತ್ತು: ಸಣಕಲು ಮೂತಿ ಅಲೆಯೊಳಗೆ ಹೊಕ್ಕು, ದೋಣಿ ಮುಂದಕ್ಕೆ ಲಾಗ ಹೊಡೆಯುತ್ತದೆ. ಮೂತಿ ನೀರಿಗೆ ತಾಗುವ ಲಕ್ಷಣ ಕಂಡರೆ ಇಬ್ಬರೂ ಹಿಂದಕ್ಕೆ ಸರಿಯಬೇಕು.

ಮಗುಚಿದರೆ ಭಯಪಡಬೇಕಿಲ್ಲ. ಇದನ್ನು ಎತ್ತಲೆಂದೇ ಕಟ್ಟಿದ್ದಾರೆ. ಮೊದಲನೆಯ ನಿಯಮ, ದೋಣಿಯನ್ನು ಬಿಡಬಾರದು. ಅಡ್ಡ ಬಿದ್ದ ದೋಣಿಯಲ್ಲಿ ನಾವು ಕೂರುವ ಬಿಗಿಬಟ್ಟೆ, ಟ್ರ್ಯಾಂಪೊಲಿನ್, ಗೋಡೆಯ ಹಾಗೆ ನೆಟ್ಟಗೆ ನಿಂತು ಗಾಳಿ ಹಿಡಿಯುತ್ತದೆ. ದೋಣಿ ತೇಲಿಹೋಗುವ ವೇಗಕ್ಕೆ ಈಜಿ ಮುಟ್ಟುವುದು ಕಷ್ಟ. ಹಿಡಿದುಕೊಂಡೇ ಎರಡೂ ಹಾಯಿಗಳ ಹಗ್ಗವನ್ನು ಕಚ್ಚಿನಿಂದ ಬಿಡಿಸಬೇಕು. ಬಿಡಿಸದಿದ್ದರೆ ದೋಣಿ ಎದ್ದ ಕೂಡಲೆ ಗಾಳಿ ತುಂಬಿಕೊಂಡು ನಮ್ಮನ್ನು ಬಿಟ್ಟೇ ಓಡುತ್ತದೆ, ಇಲ್ಲವೇ ಮತ್ತೊಮ್ಮೆ ಬೀಳುತ್ತದೆ. ಆಮೇಲೆ ಒಬ್ಬರು ಕೆಳಗಿನ ಒಡಲಿನ ಮೂತಿಯ ಕಡೆ ಸರಿಯಬೇಕು. ಅವರ ಭಾರಕ್ಕೆ ಮೂತಿ ನೀರಲ್ಲಿ ಊರಿಕೊಂಡು ದೋಣಿ ನಿಧಾನವಾಗಿ ತಿರುಗುತ್ತದೆ, ಮೂತಿ ಗಾಳಿಗೆ ಎದುರಾಗುತ್ತದೆ. ಈ ಒಂದು ನಿಮಿಷದ ತಾಳ್ಮೆ ಇಲ್ಲದವರು ಅರ್ಧ ಗಂಟೆ ಸುಮ್ಮನೆ ಹಗ್ಗ ಜಗ್ಗಿ ಸುಸ್ತಾಗುವುದನ್ನು ಸ್ಯಾನ್ ಡಿಯಾಗೊದ ಮಿಷನ್ ಬೇ ಕೊಲ್ಲಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಈಗ ದೋಣಿ ಎತ್ತುವ ಹಗ್ಗವನ್ನು ಮೇಲಿನ ಒಡಲ ಮೇಲಿಂದ ಎಸೆದು, ಕೆಳಗಿನ ಒಡಲ ಮೇಲೆ ಇಬ್ಬರೂ ನಿಂತು, ಹಿಂದಕ್ಕೆ ಒರಗಬೇಕು. ಬಾವಿಯಿಂದ ಕೊಡ ಸೇದುವ ಹಾಗೆ ತೋಳಿನಿಂದ ಎಳೆಯಬಾರದು. ಮೈ ನೆಟ್ಟಗೆ ಮಾಡಿ, ಬೆನ್ನು ನೀರಿಗೆ ತಾಗುವಷ್ಟು ಒರಗಿ, ಭಾರ ಹಾಕಿ ಕಾಯಬೇಕು. 26 ಅಡಿಗೂ ಉದ್ದದ ಹಾಯಿಕಂಬ, ಅದಕ್ಕೆ ಅಂಟಿದ 200 ಚದರಡಿಗೂ ಮಿಕ್ಕಿದ ಹಾಯಿ, ಅದರ ಮೇಲೆ ಕೂತ ನೀರು, ಇದು ಒಂದೇ ಏಟಿಗೆ ಏಳುವ ವಸ್ತುವಲ್ಲ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಕಂಬದ ತುದಿ ಒಂದು ಗೇಣು ಮೇಲೇಳುತ್ತದೆ, ಹಾಯಿಯಿಂದ ನೀರು ಸೋರತೊಡಗುತ್ತದೆ, ಅಡಿಯಿಂದ ಗಾಳಿ ನುಗ್ಗುತ್ತದೆ. ಅಲ್ಲಿಂದ ಮುಂದೆ ಗಾಳಿಯೇ ಎತ್ತುತ್ತದೆ. ಮೇಲಿನ ಒಡಲು ದಬಕ್ಕನೆ ಕೆಳಗೆ ಬರುವಾಗ ತಲೆ ಕಾಪಾಡಿಕೊಂಡು, ಎರಡು ಒಡಲುಗಳ ನಡುವೆ ಇಳಿದು, ಮುಂದಿನ ಅಡ್ಡಕೊಳವೆಯ ಕೆಳಗಿರುವ ಸರಳನ್ನು ಗಟ್ಟಿಯಾಗಿ ಹಿಡಿಯಬೇಕು. ಆ ಹಿಡಿತವೇ ದೋಣಿ ಆ ಕಡೆ ಮಗುಚದಂತೆ ತಡೆಯುತ್ತದೆ.

ಇದಕ್ಕೆ ಹಗ್ಗದಲ್ಲಿ ಒರಗುವವರ ತೂಕ ಒಟ್ಟು 130 ಕಿಲೋ ಆಸುಪಾಸಿನಲ್ಲಿ ಇರಬೇಕೆಂಬುದು ವಾಡಿಕೆಯ ಲೆಕ್ಕ. ಹಗುರ ಮೈಯವರಿಗೆ ಒಂದು ಸುಲಭ ಉಪಾಯ ಇದೆ. ಗಟ್ಟಿ ಚೀಲಕ್ಕೆ ಕಡಲ ನೀರು ತುಂಬಿ ಹೆಗಲಿಗೆ ನೇತುಹಾಕಿಕೊಂಡು ಒರಗುವುದು. ನೀರೊಳಗೆ ಅದಕ್ಕೆ ಭಾರವಿಲ್ಲ, ಮೇಲೆ ಬಂದ ಕೂಡಲೆ 20 ಲೀಟರ್ ಎಂದರೆ 20 ಕಿಲೋ. ದೋಣಿ ಪೂರ್ತಿ ಬೋರಲಾಗಿ ಕಂಬ ತಳ ನೋಡುತ್ತಿದ್ದರೆ ಇಬ್ಬರೂ ಒಂದೇ ಒಡಲಿನ ಹಿಂದಿನ ಮೂಲೆಗೆ ಭಾರ ಹಾಕಿ ಅದನ್ನು ಮುಳುಗಿಸಿ, ಮೊದಲು ಮಗ್ಗುಲಿಗೆ ತರಬೇಕು. ಆಳವಿಲ್ಲದ ಜಾಗದಲ್ಲಿ ಕಂಬದ ತುದಿ ಕೆಸರಿಗೆ ನೆಟ್ಟಿದ್ದರೆ ಜಗ್ಗಲೇಬಾರದು, ಕಂಬ ಬಾಗಿಹೋಗುತ್ತದೆ.

ಆ ಕಂಬದ ಬಗ್ಗೆ ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಹಳೆಯ ಕಂಬಗಳು ಬುಡದಿಂದ ತುದಿಯವರೆಗೆ ಅಲ್ಯೂಮಿನಿಯಂ. ದಡದಲ್ಲಿ ಕಂಬ ನಿಲ್ಲಿಸಿ ಟ್ರೇಲರ್ ಎಳೆಯುವಾಗ ತಲೆಯ ಮೇಲಿನ ಕರೆಂಟ್ ತಂತಿಗೆ ತಗುಲಿ ಜನ ಸತ್ತಿದ್ದಾರೆ. ಅದಕ್ಕೇ 1980ರ ದಶಕದಿಂದ ಹೋಬಿ 16ರ ಕಂಬದ ಮೇಲ್ಭಾಗವನ್ನು ಕರೆಂಟ್ ಹರಿಯದ ಫೈಬರ್‌ನಲ್ಲಿ ಮಾಡಿದರು. ಹಳೆಯ ದೋಣಿ ಕೊಳ್ಳುವವರು ಕಂಬದ ತುದಿ ಯಾವುದರದ್ದು ಎಂದು ಮುಟ್ಟಿ ನೋಡಬೇಕು, ಮತ್ತು ಯಾವುದೇ ಇದ್ದರೂ ಕಂಬ ಎತ್ತುವ ಮೊದಲು ತಲೆಯೆತ್ತಿ ಆಕಾಶ ನೋಡಬೇಕು.

ಹಿತ್ತಲಿಗೆ ಮರಳೋಣ. ಹಳೆಯ ಹೋಬಿಯಲ್ಲಿ ನಾವು ನಿಜಕ್ಕೂ ಕೊಳ್ಳುವುದು ಒಡಲುಗಳನ್ನು. ಹಾಯಿ, ಹಗ್ಗ, ತಂತಿ, ಬಿಗಿಬಟ್ಟೆ, ಚುಕ್ಕಾಣಿ ಎಲ್ಲವನ್ನೂ ಒಂದೊಂದಾಗಿ ಬದಲಿಸಬಹುದು. ಒಡಲು ಮೆತ್ತಗಾಗಿದ್ದರೆ ಉಳಿದದ್ದೆಲ್ಲ ಹೊಸದಿದ್ದರೂ ಪ್ರಯೋಜನವಿಲ್ಲ. ಎರಡು ತೆಳು ಫೈಬರ್‌ಗ್ಲಾಸ್ ಪದರ, ನಡುವೆ ಫೋಮ್, ಇಷ್ಟೇ ಈ ಒಡಲಿನ ಗೋಡೆ. ವರ್ಷಗಟ್ಟಲೆ ಬಿಸಿಲು, ಅಲೆಯ ಹೊಡೆತ, ಮೇಲೆ ಕಾಲಿಟ್ಟ ಭಾರ ಸೇರಿ ಪದರ ಮತ್ತು ಫೋಮ್ ನಡುವಿನ ಅಂಟು ಬಿಡುತ್ತದೆ. ಬಿಟ್ಟ ಜಾಗದಲ್ಲಿ ಸದ್ದು ಮಂಕು. ಮುಂದಿನ ಕಂಬಗಾಲಿನ ಸುತ್ತಮುತ್ತ, ಅದರಿಂದ ಮೂತಿಯವರೆಗೆ ಇದು ಹೆಚ್ಚು. ಅಂಗೈ ಅಗಲ ಇದ್ದರೆ ಸರಿ ಮಾಡಬಹುದು. ಮೊಳದುದ್ದ ಇದ್ದರೆ ನಮಸ್ಕಾರ ಹೇಳಿ ಬರಬೇಕು. ಅಗ್ಗದ್ದು ಯಾವುದಾದರೂ ಸರಿ, ಕಲಿಯಲು ಸಾಕು ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಲೆಯ ನಡುವೆ ಒಡಲು ಮಡಿಚಿಕೊಂಡರೆ ಅಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ.

ಕಂಬಗಾಲು ಎಂದದ್ದು ನಾಲ್ಕು ಮೂಲೆಯಲ್ಲಿ ಒಡಲಿನಿಂದ ಎದ್ದು ನಿಂತು ಇಡೀ ಚೌಕಟ್ಟನ್ನು ಹೊರುವ ಗೂಟಗಳನ್ನು. ಒಂದೊಂದನ್ನೂ ಹಿಡಿದು ಅಲುಗಿಸಿ ನೋಡಬೇಕು. ಒಡಲಿನೊಳಗೆ ಕುಳಿತಿರುವ ಬುಡವೇ ಅಲ್ಲಾಡಿದರೆ ದೊಡ್ಡ ಕೆಲಸ. ದೋಣಿಯಡಿ ಮಲಗಿ ತಳ ನೋಡಬೇಕು, ಮರಳಲ್ಲಿ ಎಳೆದೂ ಎಳೆದೂ ತಳದ ಪದರ ಸವೆದು ತೂತಾಗುವುದುಂಟು. ಉಕ್ಕಿನ ರಿವೆಟ್ಟು ಅಲ್ಯೂಮಿನಿಯಂ ಕೊಳವೆಗೆ ಕೂತ ಜಾಗದಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ ಉಪ್ಪುನೀರು ಲೋಹವನ್ನು ತಿನ್ನುತ್ತಿದೆ ಎಂದರ್ಥ. ಕಂಬ ನಿಲ್ಲಿಸುವ ತಂತಿಗಳ ಎಳೆ ಒಂದು ಬಿಚ್ಚಿದ್ದರೂ ಹೊಸ ತಂತಿಯ ದುಡ್ಡನ್ನು ಲೆಕ್ಕಕ್ಕೆ ಹಿಡಿಯಬೇಕು. ಟ್ರ್ಯಾಂಪೊಲಿನ್ ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ಬಿಸಿಲಿಗೆ ಸತ್ತ ನೂಲು ಪುಡಿಯಾಗುತ್ತದೆ. ಬಲ ಒಡಲಿನ ಹಿಂಬದಿಯಲ್ಲಿ ಕೆತ್ತಿದ ಸಂಖ್ಯೆಯ ಕೊನೆಯಲ್ಲಿ ದೋಣಿಯ ವಯಸ್ಸು ಇರುತ್ತದೆ, ಅದು ಕಾಗದಪತ್ರದ ಸಂಖ್ಯೆಗೆ ಹೊಂದಬೇಕು. ಕ್ಯಾಲಿಫೋರ್ನಿಯಾದಲ್ಲಿ 8 ಅಡಿಗಿಂತ ಉದ್ದದ ಹಾಯಿದೋಣಿಗೆ ನೋಂದಣಿ ಕಡ್ಡಾಯ. ಟ್ರೇಲರಿಗೆ ಬೇರೆಯೇ ಕಾಗದ.

ಪೆನ್ಸಿಲ್ ಗೆರೆ ಒಂದೇ ಕಡೆ ಬಿತ್ತು. ಅದನ್ನು ಮಾಲೀಕರಿಗೆ ತೋರಿಸಿದೆ. ಅವರೂ ಮೊಣಕಾಲೂರಿ ತಾವೇ ತಟ್ಟಿ ಕೇಳಿದರು. 800ಕ್ಕೆ ಮಾತಾಯಿತು. ಹೊರಡುವಾಗ ಗ್ಯಾರೇಜಿಗೆ ಹೋಗಿ ಹೆಬ್ಬೆರಳು ದಪ್ಪದ ಒಂದು ಹಗ್ಗ ತಂದರು. ಅಡಿಗೊಂದು ಗಂಟು. ಹಿಡಿದು ಹಿಡಿದು ಗಂಟುಗಳು ನುಣುಪಾಗಿದ್ದವು. ಮಗುಚಿದಾಗ ಎತ್ತುವ ಹಗ್ಗ, ಇದಕ್ಕೆ ದುಡ್ಡು ಬೇಡ ಎಂದರು.

ರಿಪೇರಿ ಎರಡು ವಾರಾಂತ್ಯ ಹಿಡಿಯಿತು. ಗೆರೆಯೊಳಗೆ ಸುಮಾರು ಒಂದಂಗುಲಕ್ಕೊಂದರಂತೆ, ಹೊರಪದರ ಮಾತ್ರ ದಾಟುವ ಹಾಗೆ ಸಣ್ಣ ತೂತು ಕೊರೆದೆ. ಒಳಗಿನ ತೇವ ಆರಲು ನಾಲ್ಕು ದಿನ ಬಿಟ್ಟೆ. ಆಮೇಲೆ ತೆಳು ಎಪಾಕ್ಸಿಯನ್ನು ಸಿರಿಂಜಿನಲ್ಲಿ ತುಂಬಿ ಒಂದು ತೂತಿಗೆ ನಿಧಾನವಾಗಿ ಒತ್ತಿದರೆ ಪಕ್ಕದ ತೂತಿನಲ್ಲಿ ಜೇನಿನ ಹನಿಯ ಹಾಗೆ ಮೇಲೆ ಬರುತ್ತದೆ. ಬಂದ ತೂತಿಗೆ ಟೇಪು ಅಂಟಿಸಿ ಮುಂದಿನದಕ್ಕೆ ಹೋಗಬೇಕು. ಗಾಬರಿಯಲ್ಲಿ ಜೋರಾಗಿ ಒತ್ತಿದರೆ ಪದರ ಉಬ್ಬಿ ಇನ್ನಷ್ಟು ಬಿಡುತ್ತದೆ. ಕೊನೆಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳು ಚೀಲ. ಮರುದಿನ ಬೆಳಿಗ್ಗೆ ನಾಣ್ಯದಿಂದ ತಟ್ಟಿ, ಆ ಸದ್ದನ್ನು ಫೋನಿನಲ್ಲಿ ಅಣ್ಣನಿಗೆ ಕೇಳಿಸಿದೆ. “ಹ್ಞಾಂ, ಗಟ್ಟಿ ಇತ್” ಎಂದ.

ನೀರಿಗಿಳಿಸಿದ ಮೊದಲ ದಿನ ನಾನೂ ನನ್ನ ಹೆಂಡತಿಯೂ ಎಲ್ಲಿಗೂ ಹೋಗಲಿಲ್ಲ. ಮಿಷನ್ ಬೇಯ ಆಳವಿದ್ದ ಕಡೆ, ದಡದಲ್ಲಿ ಗೆಳೆಯರನ್ನು ನಿಲ್ಲಿಸಿ, ಬೇಕೆಂದೇ ದೋಣಿಯನ್ನು ಮೂರು ಸಲ ಮಗುಚಿದೆವು. ಮೊದಲ ಸಲ ಹಾಯಿಯ ಹಗ್ಗ ಬಿಡಿಸಲು ಮರೆತೆ. ಎರಡನೆಯ ಸಲ ಮೂತಿ ತಿರುಗುವ ಮೊದಲೇ ಜಗ್ಗಿದೆವು. ಮೂರನೆಯ ಸಲ ಅವಳು ಮೂತಿಯ ಕಡೆ ಕೂತು ಗಾಳಿ ನೋಡಿ “ಈಗ” ಎಂದಳು. ಇಬ್ಬರೂ ಆ ಹಳೆಯ ಗಂಟುಗಳನ್ನು ಹಿಡಿದು ಒರಗಿದೆವು. ಕಂಬದ ತುದಿ ನೀರಿನಿಂದ ಬಿಟ್ಟುಕೊಂಡು ಮೇಲೆ ಬಂತು.

ಸಂಜೆ ದಡಕ್ಕೆಳೆದು ಹಿಂಬದಿಯ ಬಿರಡೆಗಳನ್ನು ತೆಗೆದೆ. ರಿಪೇರಿ ಮಾಡಿದ ಎಡ ಒಡಲಿನಿಂದ ಒಂದು ಹನಿಯೂ ಬರಲಿಲ್ಲ. ಬಲ ಒಡಲಿನಿಂದ ಅರ್ಧ ಲೋಟ ನೀರು ಬಂತು. ಶನಿವಾರ ಬಿರಡೆಯ ತೂತಿಗೆ ಬಾಯಿಟ್ಟು ಮೆಲ್ಲಗೆ ಊದಿ, ಸೋಪುನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕಬೇಕು.