ಆಧಾರ್‌ನ ಹನ್ನೆರಡನೇ ಅಂಕಿ ಏನು ಮಾಡುತ್ತದೆ?

ಕಳೆದ ವರ್ಷ ನಮ್ಮ ತರಗತಿಯ ಗೆಳತಿಯೊಬ್ಬಳು ಸೈಬರ್ ಸೆಂಟರ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕಿಸಿದಳು. ಟೈಪ್ ಮಾಡುವಾಗ ಆಧಾರ್‌ನ ಎರಡು ಅಂಕಿಗಳು ಅದಲುಬದಲಾದವು. ಫಾರ್ಮ್ ತಕರಾರಿಲ್ಲದೆ ಸ್ವೀಕರಿಸಿತು. ತಪ್ಪು ಗೊತ್ತಾಗುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು. ಅದನ್ನು ಟೈಪ್ ಮಾಡಿದ ಕ್ಷಣದಲ್ಲೇ, ಯಾವ ಸರ್ವರ್‌ನ ಸಹಾಯವೂ ಇಲ್ಲದೆ ಹಿಡಿಯಬಹುದಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಆಧಾರ್‌ನಲ್ಲಿ 12 ಅಂಕಿಗಳಿವೆ. ಮೊದಲನೆಯದು 0 ಅಥವಾ 1 ಆಗಿರುವುದಿಲ್ಲ. ಕೊನೆಯದು ಪರೀಕ್ಷಾ ಅಂಕಿ, ಅಂದರೆ ಹಿಂದಿನ 11 ಅಂಕಿಗಳಿಂದ ಲೆಕ್ಕ ಹಾಕಿ ಪಡೆದದ್ದು. ಈ ಲೆಕ್ಕವನ್ನು 1969ರಲ್ಲಿ ಪ್ರಕಟಿಸಿದವರು ನೆದರ್ಲೆಂಡ್ಸ್‌ನ ಗಣಿತಜ್ಞ ಯಾಕೋಬಸ್ ವೆರ್ಹೂಫ್.

ಅಂಕಿಗಳನ್ನು ಸುಮ್ಮನೆ ಕೂಡಿಸಿದರೆ ಸಾಲದೇ? ಸಾಲದು. 1+5 ಕೂಡ 6, 5+1 ಕೂಡ 6. ಅದಲುಬದಲಾದದ್ದು ಕಾಣುವುದೇ ಇಲ್ಲ. ವೆರ್ಹೂಫ್ ಪಂಚಭುಜವನ್ನು ಹಿಡಿದರು. ರಟ್ಟಿನಲ್ಲಿ ಒಂದನ್ನು ಕತ್ತರಿಸಿ, ಮೂಲೆಗಳಿಗೆ ಹೆಸರಿಟ್ಟು ನೋಡಿ: ತಿರುಗಿಸಿ ಮಗುಚಿದರೆ ಒಂದು ಸ್ಥಿತಿ, ಮಗುಚಿ ತಿರುಗಿಸಿದರೆ ಇನ್ನೊಂದು. ಇಂಥ ಹತ್ತು ಚಲನೆಗಳಿವೆ, ನಮ್ಮ ಅಂಕಿಗಳೂ ಹತ್ತು. ಅವರ ಕೋಷ್ಟಕದಲ್ಲಿ ಮೊದಲು 1, ಆಮೇಲೆ 5 ಬಂದರೆ ಉತ್ತರ 6. ಮೊದಲು 5, ಆಮೇಲೆ 1 ಬಂದರೆ 9. ಇದರ ಜೊತೆಗೆ ಸ್ಥಾನಕ್ಕೆ ತಕ್ಕಂತೆ ಅಂಕಿಯನ್ನು ಬದಲಿಸುವ ಇನ್ನೊಂದು ಕೋಷ್ಟಕವಿದೆ. ಎರಡೂ ಸೇರಿ, ಒಂದು ಅಂಕಿ ತಪ್ಪಿದರೂ ಪಕ್ಕಪಕ್ಕದ ಎರಡು ಅದಲುಬದಲಾದರೂ ಖಂಡಿತ ಹಿಡಿಯುತ್ತವೆ.

ಸೌದಿಯಲ್ಲಿ ದುಡಿಯುವ ನಮ್ಮವರ ಇಕಾಮಾ ಸಂಖ್ಯೆ 2ರಿಂದ ಶುರುವಾಗುತ್ತದೆ, 10 ಅಂಕಿ. ಅದಕ್ಕೆ ಬ್ಯಾಂಕ್ ಕಾರ್ಡ್‌ಗಳಂತೆ ಲೂನ್ ವಿಧಾನ. ಅದು ಸುಲಭ, ಆದರೆ 09 ಇದ್ದಲ್ಲಿ 90 ಎಂದು ಬರೆದರೆ ಗೊತ್ತಾಗುವುದಿಲ್ಲ.

ಇದನ್ನೆಲ್ಲ ನಾವೇ ಬರೆಯಬೇಕಾಗಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ವ್ಯಾಲಿಡೇಟರ್ ಎಂಬ ಉಚಿತ ಲೈಬ್ರರಿ ಇದೆ. ಅದರ ‘ಈಸ್ ಐಡೆಂಟಿಟಿ ಕಾರ್ಡ್’ ಫಂಕ್ಷನ್‌ಗೆ ಸಂಖ್ಯೆಯನ್ನೂ ‘ಐಎನ್’ ಎಂಬ ದೇಶದ ಗುರುತನ್ನೂ ಕೊಟ್ಟರೆ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಸಂಖ್ಯೆಯನ್ನು ಸ್ಟ್ರಿಂಗ್ ಆಗಿಯೇ ಕೊಡಬೇಕು, ಇಲ್ಲದಿದ್ದರೆ ಎರರ್. ಅದೂ ಒಳ್ಳೆಯದೇ: ಚೀನಾದ ಗುರುತಿನ ಸಂಖ್ಯೆಯಂಥ 18 ಅಂಕಿಗಳನ್ನು ನಂಬರ್ ಆಗಿ ಇಟ್ಟರೆ ಜಾವಾಸ್ಕ್ರಿಪ್ಟ್ ಕೊನೆಯ ಅಂಕಿಗಳನ್ನು ಕೆಡಿಸಬಹುದು. ನಾನು ತಮಾಷೆಗೆ ೨, ೩, ೪ ಎಂದು ಕನ್ನಡ ಅಂಕಿಗಳನ್ನು ಹಾಕಿದೆ, ಒಪ್ಪಲಿಲ್ಲ. ಉರ್ದು ಕೀಬೋರ್ಡಿನ ಅಂಕಿಗಳಿಗೂ ಅದೇ ಗತಿ. ಅವನ್ನು ಮೊದಲು ಇಂಗ್ಲಿಷ್ ಅಂಕಿಗಳಿಗೆ ಬದಲಿಸಿಕೊಳ್ಳಬೇಕು.

ಟ್ರೂ ಬಂದ ಮಾತ್ರಕ್ಕೆ ಅಂಥ ಆಧಾರ್ ಯಾರಿಗೋ ಇದೆ ಎಂದರ್ಥವಲ್ಲ. ಕಣ್ಣುಮುಚ್ಚಿ ಬರೆದ ಹತ್ತು ಸಂಖ್ಯೆಗಳಲ್ಲಿ ಸರಾಸರಿ ಒಂದು ಈ ಲೆಕ್ಕದಲ್ಲಿ ಪಾಸಾಗುತ್ತದೆ. ಇದು ಕೈತಪ್ಪನ್ನು ಹಿಡಿಯುತ್ತದೆ, ಸುಳ್ಳನ್ನಲ್ಲ.

ಲ್ಯಾಬ್‌ನಲ್ಲಿ ನೀವೇ ಪ್ರೋಗ್ರಾಂ ಬರೆದು ನೋಡುವುದಾದರೆ ಗೆಳೆಯರ ಆಧಾರ್ ಕೇಳಬೇಡಿ. 236 ಎಂಬ ಸಂಖ್ಯೆಯನ್ನು ಕೊಡಿ. ವೆರ್ಹೂಫ್ ಲೆಕ್ಕದಲ್ಲಿ ಅದರ ಪರೀಕ್ಷಾ ಅಂಕಿ 3 ಬರಬೇಕು.